ನಾಲ್ಕು ಹಳೇ ಕಂಪ್ಯೂಟರ್, 38 ಮಕ್ಕಳು, ಒಂದು ಬೆಕ್ಕು: ಸ್ಕ್ರ್ಯಾಚ್ ಜೊತೆ ಒಂದು ವರ್ಷ

ಮೊದಲೇ ಹೇಳಿಬಿಡುತ್ತೇನೆ, ನಾನು ಕಂಪ್ಯೂಟರ್ ಟೀಚರ್ ಅಲ್ಲ. ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ, ವಿಜ್ಞಾನ ಹೇಳಿಕೊಡುವವಳು. ನಮ್ಮ ಶಾಲೆಯಲ್ಲೇ ಓದಿದ ಹುಡುಗನೊಬ್ಬ ಬೆಂಗಳೂರಿನ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಹಳೇ ಕಂಪ್ಯೂಟರ್ ಬದಲಾಯಿಸುವಾಗ ಅವನ ಪುಣ್ಯದಿಂದ ಆರು ಡೆಸ್ಕ್‌ಟಾಪ್ ನಮಗೆ ಬಂದವು. ಟೆಂಪೋದಿಂದ ಇಳಿಸುವಾಗಲೇ ಒಂದರ ಮಾನಿಟರ್ ಹೋಯಿತು, ಇನ್ನೊಂದು ಮೊದಲ ದಿನವೇ ಸಣ್ಣಗೆ ಹೊಗೆ ಬಿಟ್ಟು ಸುಮ್ಮನಾಯಿತು. ಉಳಿದದ್ದು ನಾಲ್ಕು. ಹೆಡ್‌ಮಾಸ್ಟರು ರೂಮಿನ ಕೀಲಿ ನನ್ನ ಕೈಗಿಟ್ಟು, “ನಿಮಗ ಸ್ವಲ್ಪ ಗೊತ್ತೈತಲ್ರಿ ಟೀಚರ್, ಏನಾರ ಮಾಡ್ರಿ” ಅಂದರು. ನನಗೆ ಗೊತ್ತಿದ್ದದ್ದು ನುಡಿ ತಂತ್ರಾಂಶದಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡುವುದು, ಸರ್ಕಾರದ ಪೋರ್ಟಲ್ ಆದ ಸ್ಯಾಟ್ಸ್‌ನಲ್ಲಿ ಮಕ್ಕಳ ವಿವರ ತುಂಬುವುದು, ಅಷ್ಟೇ.

ಅಲ್ಲಿಂದ ಒಂದು ವರ್ಷ ಆಯಿತು. ಐದರಿಂದ ಏಳನೇ ತರಗತಿಯ 38 ಮಕ್ಕಳಿಗೆ ವಾರಕ್ಕೆ ಎರಡು ಪೀರಿಯಡ್ ಸ್ಕ್ರ್ಯಾಚ್ ಮಾಡಿಸಿದ್ದೇನೆ. ಅದರ ರಿವ್ಯೂ ಇದು. ನಡುವೆ ಒಂದು ಖಾಸಗಿ ಕಂಪನಿಯ ‘ಆನ್‌ಲೈನ್ ಸುರಕ್ಷತೆ’ ಕೋರ್ಸನ್ನೂ ಮಾಡಿಸಬೇಕಾಗಿ ಬಂತು, ಅದರ ಕಥೆಯೂ ಬರುತ್ತದೆ. ಹೆಸರು ಹೇಳುವುದಿಲ್ಲ, ಕೇಳಬೇಡಿ.

ಸ್ಕ್ರ್ಯಾಚ್ ಅಂದರೆ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ಮಾಡಿದ್ದು, 2007ರಲ್ಲಿ ಎಲ್ಲರಿಗೂ ಬಿಟ್ಟರು. ಈಗಿರುವ ಮೂರನೇ ಆವೃತ್ತಿ 2019ರ ಜನವರಿಯಲ್ಲಿ ಬಂತು. 8ರಿಂದ 16 ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಾರೆ. ಪ್ರೋಗ್ರಾಂ ಬರೆಯಲು ಟೈಪ್ ಮಾಡಬೇಕಾಗಿಲ್ಲ, ಬಣ್ಣಬಣ್ಣದ ಬ್ಲಾಕುಗಳನ್ನು ಮೌಸಿನಿಂದ ಎಳೆದು ಒಂದರ ಕೆಳಗೊಂದು ಸಿಕ್ಕಿಸಿದರೆ ಆಯಿತು. ತೆರೆದ ಕೂಡಲೇ ಒಂದು ಕಿತ್ತಳೆ ಬಣ್ಣದ ಬೆಕ್ಕು ನಿಂತಿರುತ್ತದೆ. ಹಸಿರು ಬಾವುಟ ಒತ್ತಿದರೆ ನೀವು ಜೋಡಿಸಿದ್ದನ್ನು ಅದು ಮಾಡುತ್ತದೆ. ಬೆಲೆ ಸೊನ್ನೆ. ಟ್ರಯಲ್ ಮುಗಿದ ಮೇಲೆ ದುಡ್ಡು ಕೇಳುವ ಸೊನ್ನೆಯಲ್ಲ, ನಿಜವಾದ ಸೊನ್ನೆ.

ನಮ್ಮಂಥ ಶಾಲೆಗೆ ಇದಕ್ಕಿಂತ ದೊಡ್ಡ ವಿಷಯ ಒಂದಿದೆ. ಇಂಟರ್ನೆಟ್ ಇರುವ ಕಡೆ ಆ್ಯಪ್ ಇಳಿಸಿ, ಪೆನ್‌ಡ್ರೈವಿನಲ್ಲಿ ತಂದು ಹಾಕಿದರೆ ಆಮೇಲೆ ನೆಟ್ ಬೇಡ, ಅಕೌಂಟ್ ಬೇಡ, ಯಾವ ಮಗುವಿನ ಹೆಸರೂ ಎಲ್ಲೂ ಕೊಡಬೇಕಾಗಿಲ್ಲ. ಮಾಡಿದ್ದು ಆ ಕಂಪ್ಯೂಟರಿನಲ್ಲೇ ಇರುತ್ತದೆ. ಮೊದಲಿಗೆ ನಾನು ಇದನ್ನು ಬರೀ ಅನುಕೂಲ ಅಂದುಕೊಂಡಿದ್ದೆ. ಇದೇ ಮುಖ್ಯ ಅಂತ ಗೊತ್ತಾಗಿದ್ದು ಆರು ತಿಂಗಳ ಮೇಲೆ.

ಹಾಕುವಾಗ ಒಂದು ತೊಡಕು ಆಯಿತು. ಈಗಿನ ಸ್ಕ್ರ್ಯಾಚ್ ಆ್ಯಪ್‌ಗೆ ವಿಂಡೋಸ್ 10 ಅಥವಾ ಅದಕ್ಕಿಂತ ಹೊಸದು ಬೇಕು. ನಮ್ಮ ನಾಲ್ಕರಲ್ಲಿ ಎರಡರಲ್ಲಿ ಮಾತ್ರ ಅದಿತ್ತು, ಉಳಿದೆರಡು ವಿಂಡೋಸ್ 7. ಅವಕ್ಕೆ ಹಳೇ 1.4 ಆವೃತ್ತಿ ಹಾಕಿದೆ. ಅದು ಮುದಿ ಯಂತ್ರದಲ್ಲೂ ಓಡುತ್ತದೆ. ಹಳೆಯದರಲ್ಲಿ ಮಾಡಿದ್ದು ಹೊಸದರಲ್ಲಿ ತೆರೆಯುತ್ತದೆ, ಹೊಸದರಲ್ಲಿ ಮಾಡಿದ್ದು ಹಳೆಯದರಲ್ಲಿ ತೆರೆಯುವುದಿಲ್ಲ. ಇದು ಗೊತ್ತಿಲ್ಲದೆ ಎರಡು ವಾರ ಮಕ್ಕಳ ಹತ್ತಿರ ಬೈಸಿಕೊಂಡೆ, ಅಂದರೆ ಬಾಯಲ್ಲಿ ಅಲ್ಲ, ಮುಖದಲ್ಲಿ. ಇನ್ನೊಂದು ವ್ಯತ್ಯಾಸ, ಗೆರೆ ಎಳೆಯುವ ಪೆನ್ ಬ್ಲಾಕುಗಳು ಹಳೆಯದರಲ್ಲಿ ಮುಂದೆಯೇ ಇವೆ. ಹೊಸದರಲ್ಲಿ ಎಡಗಡೆ ಕೆಳಮೂಲೆಯ ಬಟನ್ ಒತ್ತಿ ಸೇರಿಸಿಕೊಳ್ಳಬೇಕು. ಹುಡುಕಿ ಹುಡುಕಿ ಸಾಕಾಗುವ ಮೊದಲು ಇದನ್ನು ತಿಳಿದುಕೊಳ್ಳಿ.

ನಾವು ಬಳಸಿದ್ದು ಇಂಗ್ಲಿಷ್ ಬ್ಲಾಕುಗಳನ್ನು. ನಮ್ಮದು ಕನ್ನಡ ಮಾಧ್ಯಮ, ಇದು ತೊಂದರೆ ಆಗುತ್ತದೆ ಅಂತ ಹೆದರಿದ್ದೆ. ಮೊದಲ ತಿಂಗಳು ಆಗಿದ್ದೂ ನಿಜ. ಆಮೇಲೆ ಮಕ್ಕಳೇ ದಾರಿ ಮಾಡಿಕೊಂಡರು. ಬೆಕ್ಕಿನಂಥ ಪಾತ್ರಕ್ಕೆ ಸ್ಕ್ರ್ಯಾಚಿನಲ್ಲಿ ‘ಸ್ಪ್ರೈಟ್’ ಅನ್ನುತ್ತಾರೆ ಅಂದಾಗ ಇಡೀ ಕ್ಲಾಸು ನಕ್ಕಿತು, ಅಂಗಡಿಯಲ್ಲಿ ಸಿಗುವ ಹಸಿರು ಬಾಟಲಿ ಅಲ್ವಾ ಅದು. ಹಾಗಾಗಿ ಅದು ‘ಗೊಂಬಿ’ ಆಯಿತು, ಗೊಂಬೆ ಆಡುವ ಬಿಳಿ ಜಾಗ ‘ಬಯಲು’ ಆಯಿತು, ಬಯಲಾಟದ ಬಯಲು. ಒಂದೇ ಕೆಲಸವನ್ನು ನಿಲ್ಲಿಸದೆ ಮತ್ತೆ ಮತ್ತೆ ಮಾಡಿಸುವ (ಇದಕ್ಕೇ ಲೂಪ್ ಅನ್ನುವುದು) ‘ಫಾರೆವರ್’ ಬ್ಲಾಕಿಗೆ ‘ಬಿಡಂಗಿಲ್ಲ’ ಅಂತ ಹೆಸರು. “ಅದಕ್ಕ ಬಿಡಂಗಿಲ್ಲ ಹಾಕಲೇ, ಇಲ್ಲಂದ್ರ ಒಂದ ಸಲ ಹೋಗಿ ನಿಂತಕೊಂತೈತಿ” ಅಂತ ಏಳನೇ ತರಗತಿಯವಳು ಐದನೇ ತರಗತಿಯವನಿಗೆ ಹೇಳುತ್ತಿದ್ದರೆ, ಲೂಪ್ ಅಂದರೇನು ಅಂತ ನಾನು ಮತ್ತೆ ವಿವರಿಸಬೇಕೇ? ಗೊಂಬೆ ಆಡುವ ಮಾತಿನಲ್ಲಿ ಕನ್ನಡ ಟೈಪ್ ಮಾಡಬಹುದು, ಹೊಸ ಆವೃತ್ತಿಯಲ್ಲಿ ಅಕ್ಷರ ಸರಿಯಾಗಿಯೇ ಮೂಡುತ್ತದೆ. ಬೆಕ್ಕಿನ ಬಾಯಲ್ಲಿ ಮೊದಲು ಬಂದ ಕನ್ನಡ ಮಾತು “ನನಗ ಹಸಿವಾಗೈತಿ”. ಬಿಸಿಯೂಟದ ಮುಂಚಿನ ಪೀರಿಯಡ್ ಆಗಿತ್ತು.

ಗಣಿತದವಳಾದ್ದರಿಂದ ಇದನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ಸಹಿಸಿಕೊಳ್ಳಿ. ಬಯಲಿನ ನಡುವೆ ಸೊನ್ನೆ. ಬಲಕ್ಕೆ 240, ಎಡಕ್ಕೆ ಮೈನಸ್ 240, ಮೇಲಕ್ಕೆ 180, ಕೆಳಕ್ಕೆ ಮೈನಸ್ 180. ಆರನೇ ತರಗತಿಗೆ ಋಣ ಸಂಖ್ಯೆ ಹೇಳಲು ನಾನು ವರ್ಷಾನುಗಟ್ಟಲೆ ಸಾಲದ ಲೆಕ್ಕ, ಬಾವಿಯ ಮೆಟ್ಟಿಲು ಎಲ್ಲ ಹೇಳಿದ್ದೇನೆ. ಬೆಕ್ಕು ಎಡಕ್ಕೆ ಹೋಗಬೇಕಾದರೆ ಮೈನಸ್ ಹಾಕಲೇಬೇಕು ಅಂತಾದಾಗ ಆ ಪಾಠ ಹತ್ತು ನಿಮಿಷಕ್ಕೆ ಮುಗಿಯಿತು. ಚೌಕ ಸುಲಭ, ನೂರು ಹೆಜ್ಜೆ, 90 ಡಿಗ್ರಿ ತಿರುಗು, ನಾಲ್ಕು ಸಲ. ತ್ರಿಭುಜಕ್ಕೆ ಬಂದಾಗ ಎಲ್ಲರೂ 60 ಹಾಕಿದರು, ಪುಸ್ತಕದಲ್ಲಿ ಸಮಬಾಹು ತ್ರಿಭುಜದ ಕೋನ 60 ಅಂತ ಇದೆಯಲ್ಲ. ಬಂದದ್ದು ಮುಚ್ಚದೇ ಇರುವ, ಬೋಗುಣಿಯ ಥರದ ಆಕಾರ. ಒಬ್ಬ ಹುಡುಗ ಸುಮ್ನೆ ಮೂರನ್ನು ಆರು ಮಾಡಿದ, ಜೇನುಗೂಡಿನ ಒಂದು ಮನೆ ಬಂತು. ತ್ರಿಭುಜ ಬರಲಿಲ್ಲ ಅನ್ನುವ ಬೇಜಾರೇ ಇಲ್ಲ ಅವನಿಗೆ, ಗೂಡಿನ ಮೇಲೆ ಗೂಡು ಹಾಕುತ್ತಾ ಕೂತ. ಬೆಕ್ಕು ತಿರುಗುವುದು ಹೊರಗಿನ ಕೋನ, 180ರಲ್ಲಿ 60 ಕಳೆದರೆ 120 ಅಂತ ಆ ವಾರದ ಕೊನೆಗೆ ಒಬ್ಬಳು ಕಂಡುಹಿಡಿದಳು. ಕಂಡುಹಿಡಿದಳು ಅಂತಲೇ ಹೇಳುತ್ತೇನೆ, ನಾನು ಹೇಳಿಕೊಟ್ಟಿರಲಿಲ್ಲ.

ಕರೆಂಟ್ ಇಲ್ಲದ ದಿನಕ್ಕೂ ಒಂದು ವ್ಯವಸ್ಥೆ ಇದೆ. ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಮತ್ತು ಜೊತೆಗಾರರು ಮಾಡಿದ ‘ಸಿಎಸ್ ಅನ್‌ಪ್ಲಗ್ಡ್’, ಕಂಪ್ಯೂಟರೇ ಇಲ್ಲದೆ ಕಂಪ್ಯೂಟರ್ ಕಲಿಸುವ ಆಟಗಳು. ಅದೂ ಪುಕ್ಕಟೆ. ಹಳೇ ಮದುವೆ ಕಾರ್ಡಿನ ಹಿಂದೆ 1, 2, 4, 8, 16 ಚುಕ್ಕಿ ಹಾಕಿ ಐದು ಮಕ್ಕಳ ಕೈಗೆ ಕೊಟ್ಟರೆ, ಕಾರ್ಡ್ ತೋರಿಸುತ್ತಾ ಮುಚ್ಚುತ್ತಾ 31ರವರೆಗೆ ಯಾವ ಸಂಖ್ಯೆ ಬೇಕಾದರೂ ಮಾಡಬಹುದು. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೋಗುವ ಹೊತ್ತು ಗೊತ್ತೇ ಇದೆಯಲ್ಲ. ಅರ್ಧ ಸಿಲಬಸ್ ಹೀಗೆ ಆಯಿತು.

ಇನ್ನು ಆ ಸುರಕ್ಷತೆ ಕೋರ್ಸು. ಮಕ್ಕಳಿಗೆ ಇಂಟರ್ನೆಟ್ ಸುರಕ್ಷತೆ ಹೇಳಿಕೊಡಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ. ನಮ್ಮ ಮಕ್ಕಳ ಹತ್ತಿರ ಸ್ವಂತ ಫೋನ್ ಇಲ್ಲ, ಆದರೆ ಸಂಜೆ ಆರರ ಮೇಲೆ ಅಪ್ಪನ ಫೋನ್ ಅವರದ್ದೇ. ಕೊರೋನಾ ಕಾಲದಲ್ಲಿ ಪಾಠಕ್ಕೆ ಅಂತ ಕೈಗೆ ಬಂದ ಫೋನು ವಾಪಸ್ ಹೋಗಲೇ ಇಲ್ಲ. ಹೀಗಿರುವಾಗ ಒಂದು ಕಂಪನಿಯವರು ಬಂದು, ನಮ್ಮದು ಉಚಿತ ಕಾರ್ಯಕ್ರಮ ಅಂದರು. ಮೂರು ಪೋಸ್ಟರ್, ನಲವತ್ತು ನಿಮಿಷದ ವಿಡಿಯೊ, ಹತ್ತು ಪ್ರಶ್ನೆಯ ಕ್ವಿಜ್, ಕೊನೆಗೆ ಸರ್ಟಿಫಿಕೇಟ್. ವಿಡಿಯೊದಲ್ಲಿ ಕಪ್ಪು ಹುಡ್ ಹಾಕಿದ ಒಬ್ಬ ಮುಖವಿಲ್ಲದ ಮನುಷ್ಯ ಕತ್ತಲೆ ಕೋಣೆಯಲ್ಲಿ ಟಪಟಪ ಟೈಪ್ ಮಾಡುತ್ತಿದ್ದ. ಮಕ್ಕಳು ಹೆದರಿದರು. ಹೆದರಿಕೆ ಊಟದ ಬೆಲ್ ಹೊಡೆಯುವವರೆಗೆ ಇತ್ತು.

ಆಮೇಲೆ ಸರ್ಟಿಫಿಕೇಟಿಗಾಗಿ ಫಾರ್ಮ್ ತುಂಬಬೇಕಿತ್ತು. ಮಗುವಿನ ಪೂರ್ತಿ ಹೆಸರು, ಹುಟ್ಟಿದ ದಿನಾಂಕ, ಶಾಲೆ, ತಂದೆತಾಯಿಯ ಮೊಬೈಲ್ ನಂಬರ್, ಒಂದು ಫೋಟೊ. ನಾನು ಯಾಂತ್ರಿಕವಾಗಿ ತುಂಬುತ್ತಾ ಹೋಗುತ್ತಿದ್ದೆ, ದಿನಾ ಇಂಥ ನೂರು ಕಾಲಂ ತುಂಬುವ ಕೈ ನಮ್ಮದು. ಪಕ್ಕದಲ್ಲಿ ನಿಂತಿದ್ದ ಐದನೇ ತರಗತಿಯ ಹುಡುಗಿ ಕೇಳಿದಳು, “ಟೀಚರ್, ಫೋನ್ ನಂಬರ್ ಯಾರಿಗೂ ಕೊಡಬ್ಯಾಡ್ರಿ ಅಂದ್ರಲ್ರಿ ಈಗ, ಮತ್ತ ಇವರಿಗೆ ಕೊಡಬೇಕೇನ್ರಿ?” ಆ ಹೊತ್ತಿಗೆ ನಾನು ಇಪ್ಪತ್ತು ಮಕ್ಕಳದ್ದು ಕಳಿಸಿಯಾಗಿತ್ತು. ಮುಂದಿನ ತಿಂಗಳು ಮೂರು ಮನೆಗಳಿಗೆ ‘ನಿಮ್ಮ ಮಗುವಿನ ಭವಿಷ್ಯಕ್ಕೆ ಕೋಡಿಂಗ್ ಕೋರ್ಸ್’ ಅಂತ ಕರೆ ಬಂತು. ಬೆರಳು ಮಾಡಿ ಇವರಿಂದಲೇ ಹೋಯಿತು ಅನ್ನಲು ನನ್ನ ಹತ್ತಿರ ಆಧಾರ ಇಲ್ಲ. ಆದರೆ ಪೋಷಕರನ್ನು ಕೇಳದೆ ಕಳಿಸಿದ್ದು ನನ್ನ ತಪ್ಪು, ಅದನ್ನು ಪೋಷಕರ ಸಭೆಯಲ್ಲಿ ಒಪ್ಪಿಕೊಂಡೆ. 2023ರಲ್ಲಿ ಸಂಸತ್ತು ಪಾಸು ಮಾಡಿದ ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆಯ ಕಾನೂನು 18ರೊಳಗಿನ ಎಲ್ಲರನ್ನೂ ಮಕ್ಕಳು ಅಂತಲೇ ಎಣಿಸುತ್ತದೆ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಶಾಲೆಗೆ ಬರುವ ಪ್ರತಿ ಉಚಿತ ಕಾರ್ಯಕ್ರಮದ ಫಾರ್ಮನ್ನು ಈಗ ನಾನು ಮೊದಲು ಕೊನೆಯಿಂದ ಓದುತ್ತೇನೆ.

ಪೋಸ್ಟರುಗಳನ್ನು ಇಟ್ಟುಕೊಂಡಿದ್ದೇವೆ. ಹಿಂದಿನ ಕಡೆ ಚೆನ್ನಾಗಿದೆ, ಚಾರ್ಟ್ ಬರೆಯಲು ಬರುತ್ತದೆ.

ಈಗ ನಾನು ಈ ರಿವ್ಯೂ ಬರೆಯಲು ಕೂತ ಅಸಲು ಕಾರಣ. ಸುರಕ್ಷತೆಯ ಪಾಠ ನಮ್ಮಲ್ಲಿ ನಿಜವಾಗಿ ನಡೆದದ್ದು ಸ್ಕ್ರ್ಯಾಚಿನಲ್ಲಿ, ಅದೂ ನಾನು ಯೋಜನೆ ಹಾಕದೆ.

ಮೊದಲು ಪಾಸ್‌ವರ್ಡ್. ಒಂದೇ ಕಂಪ್ಯೂಟರನ್ನು ಮೂರು ಗುಂಪು ಬಳಸುವುದರಿಂದ ಪ್ರತಿ ಗುಂಪಿಗೆ ವಿಂಡೋಸಿನಲ್ಲಿ ಬೇರೆ ಲಾಗಿನ್ ಮಾಡಿದ್ದೆ, ಪಾಸ್‌ವರ್ಡ್ ನೀವೇ ಇಟ್ಟುಕೊಳ್ಳಿ ಅಂದಿದ್ದೆ. ಎಲ್ಲರದ್ದೂ 1234 ಇಲ್ಲವೇ ಗುಂಪಿನ ಲೀಡರ್ ಹೆಸರು. ಎರಡನೇ ವಾರವೇ ಒಂದು ಗುಂಪಿನವರು ಇನ್ನೊಂದು ಗುಂಪಿನ ಲಾಗಿನ್‌ಗೆ ಹೋಗಿ ಅವರ ಬೆಕ್ಕಿಗೆ ಮೀಸೆ ಬರೆದು, ತಲೆಕೆಳಗು ಮಾಡಿ, “ನಾನು ಕತ್ತೆ” ಅಂತ ಮಾತಾಡಿಸಿ ಬಂದಿದ್ದರು. ಜಗಳ, ಅಳು, ಸ್ಟಾಫ್‌ರೂಮಿಗೆ ದೂರು. ಕ್ವಿಜ್‌ನಲ್ಲಿ ‘ಬಲವಾದ ಪಾಸ್‌ವರ್ಡ್ ಯಾವುದು’ ಪ್ರಶ್ನೆಗೆ ಎಲ್ಲರೂ ಸರಿ ಉತ್ತರ ಬರೆದಿದ್ದರು, ಆದರೆ ಪಾಸ್‌ವರ್ಡ್ ಬದಲಾಯಿಸಿದ್ದು ಬೆಕ್ಕು ಕತ್ತೆಯಾದ ಮೇಲೆ. ಈಗ ಅಜ್ಜಿ, ಎಮ್ಮೆ, ಕೊಂಬು ಅಂತ ಸಂಬಂಧವಿಲ್ಲದ ನಾಲ್ಕೈದು ಪದ ಸೇರಿಸಿ ಇಷ್ಟುದ್ದ ಇಡುತ್ತಾರೆ. ಟೈಪ್ ಮಾಡುವಾಗ ಉಳಿದವರು ಗೋಡೆ ಕಡೆ ತಿರುಗಿ ನಿಲ್ಲಬೇಕು, ಇದು ಅವರೇ ಮಾಡಿಕೊಂಡ ನಿಯಮ.

ಎರಡನೆಯದು ಜಾತ್ರೆ ಚಕ್ರ. ನಮ್ಮೂರ ಜಾತ್ರೆಯಲ್ಲಿ ಮುಳ್ಳು ತಿರುಗಿಸಿ ಬಹುಮಾನ ಕೊಡುವ ಅಂಗಡಿ ಬರುತ್ತದೆ. ಆರನೇ ತರಗತಿಯ ಒಬ್ಬ ಅದನ್ನು ಸ್ಕ್ರ್ಯಾಚಿನಲ್ಲಿ ಮಾಡಿದ. ‘ಪಿಕ್ ರ‍್ಯಾಂಡಮ್’ ಅಂತ ಒಂದು ಬ್ಲಾಕ್ ಇದೆ, 1ರಿಂದ 6 ಅಂತ ಕೊಟ್ಟರೆ ಅದರೊಳಗೆ ಯಾವುದೋ ಒಂದು ಸಂಖ್ಯೆ ತೆಗೆಯುತ್ತದೆ. ಇವನು ತನ್ನ ಸರದಿಗೆ 5ರಿಂದ 6, ಗೆಳೆಯರ ಸರದಿಗೆ 1ರಿಂದ 3 ಕೊಟ್ಟಿದ್ದ. ಎರಡು ದಿನ ಎಲ್ಲರನ್ನೂ ಸೋಲಿಸಿದ. ಪೆನ್ಸಿಲ್, ರಬ್ಬರ್, ಒಂದು ಹುಣಸೆಹಣ್ಣಿನ ಉಂಡೆ ಎಲ್ಲ ಗೆದ್ದ. ಮೂರನೇ ದಿನ ಒಬ್ಬಳಿಗೆ ಅನುಮಾನ ಬಂದು ಬ್ಲಾಕುಗಳನ್ನು ತೆರೆದು ನೋಡಿದಳು. “ಟೀಚರ್, ಇದು ಮೋಸ ಐತ್ರಿ! ನಮಗ ನಾಕು ಬರಂಗ ಇಲ್ರಿ!” ಅಂತ ಕೂಗಿದ್ದು ಪಕ್ಕದ ಸಣ್ಣ ಮಕ್ಕಳ ನಲಿ-ಕಲಿ ಕೋಣೆಗೂ ಕೇಳಿಸಿತು.

ಅವನಿಗೆ ಶಿಕ್ಷೆ ಕೊಡಲಿಲ್ಲ, ಹುಣಸೆ ಉಂಡೆ ಮಾತ್ರ ವಾಪಸ್ ಕೊಡಿಸಿದೆ. ಇಡೀ ಪೀರಿಯಡ್ ಆ ಚಕ್ರದ ಮೇಲೆ ಮಾತಾಯಿತು. ಚಕ್ರ ನೋಡಲು ಸರಿಯಾಗಿಯೇ ತಿರುಗುತ್ತಿತ್ತು, ಒಳಗಿನ ಸಂಖ್ಯೆ ಬರೆದವನು ಬೇರೆ ಬರೆದಿದ್ದ. ಹಾಗಾದರೆ ಫೋನಿನಲ್ಲಿ ‘ಸ್ಪಿನ್ ಮಾಡಿ ಗೆಲ್ಲಿ’ ಅಂತ ಬರುತ್ತದಲ್ಲ, ಅದರ ಒಳಗೆ ಯಾರು ಏನು ಬರೆದಿರಬಹುದು? ಅದರ ಬ್ಲಾಕ್ ನಮಗೆ ಕಾಣುವುದಿಲ್ಲ. ಈ ಪ್ರಶ್ನೆ ನನ್ನದಲ್ಲ, ಮೋಸ ಮಾಡಿದ ಹುಡುಗನದ್ದೇ. ಕಳ್ಳನಿಗೆ ಕಳ್ಳನ ದಾರಿ ಗೊತ್ತು ಅನ್ನುತ್ತಾರಲ್ಲ.

ಮೂರನೆಯದು ನನ್ನನ್ನೇ ಬೆಚ್ಚಿಬೀಳಿಸಿದ್ದು. ‘ಆಸ್ಕ್ ಆಂಡ್ ವೇಟ್’ ಅನ್ನುವ ಬ್ಲಾಕ್ ಪ್ರಶ್ನೆ ಕೇಳಿ, ಉತ್ತರ ಟೈಪ್ ಮಾಡುವವರೆಗೆ ಕಾಯುತ್ತದೆ. ಸಾಮಾನ್ಯವಾಗಿ ಮಕ್ಕಳು ಇದರಲ್ಲಿ ಮಗ್ಗಿ ಕೇಳುವ ಆಟ ಮಾಡುತ್ತಾರೆ. ಏಳನೇ ತರಗತಿಯ ಒಬ್ಬ ಹುಡುಗಿ, ಜಾಸ್ತಿ ಮಾತಿಲ್ಲದವಳು, ಕೆಂಪು ಹಳದಿ ಬಣ್ಣದಲ್ಲಿ ‘ನಿಮಗೆ 5000 ರೂಪಾಯಿ ಬಹುಮಾನ’ ಅಂತ ಮಾಡಿ, ಮೇಲೆ ನಕ್ಷತ್ರ ಮಿಂಚಿಸಿ, ಒತ್ತಿದರೆ ಹೆಸರು ಕೇಳುವ ಹಾಗೆ, ಆಮೇಲೆ ಊರು, ಆಮೇಲೆ ಅಪ್ಪನ ಫೋನ್ ನಂಬರ್ ಕೇಳುವ ಹಾಗೆ ಮಾಡಿದ್ದಳು. ಉತ್ತರಗಳೆಲ್ಲ ಒಂದು ಲಿಸ್ಟಿಗೆ ಸೇರುತ್ತಿದ್ದವು, ಆ ಲಿಸ್ಟು ಪರದೆಯ ಮೇಲೆ ಕಾಣದಂತೆ ಮುಚ್ಚಿಟ್ಟಿದ್ದಳು. ಐದನೇ ತರಗತಿಯವರನ್ನು ಕರೆದು ಕೂರಿಸಿದಳು. ಕೂತವರಲ್ಲಿ ಬಹುತೇಕ ಎಲ್ಲರೂ ನಂಬರ್ ಹಾಕಿದರು. ಕಪ್ಪು ಹುಡ್ಡಿನ ವಿಡಿಯೊ ನೋಡಿ ಎರಡು ತಿಂಗಳೂ ಆಗಿರದ ಅವೇ ಮಕ್ಕಳು! ಒಬ್ಬನಂತೂ ಅಪ್ಪನ ನಂಬರ್ ನೆನಪಾಗದೆ ಚಿಕ್ಕಪ್ಪನದ್ದು ಹಾಕಿದ.

ಕೊನೆಗೆ ಅವಳು ಎಲ್ಲರನ್ನೂ ನಿಲ್ಲಿಸಿ ಲಿಸ್ಟ್ ತೆರೆದು ತೋರಿಸಿದಳು. ಗದ್ದಲ ಇಲ್ಲ, ನಗು ಇಲ್ಲ. ತಮ್ಮ ತಮ್ಮ ಹೆಸರು, ನಂಬರ್ ಸಾಲಾಗಿ ಇನ್ನೊಬ್ಬರ ಕೈಯಲ್ಲಿ ಇರುವುದನ್ನು ನೋಡಿದಾಗ ಆ ಮಕ್ಕಳ ಮುಖ ಹೇಗಾಯಿತು ಅಂದರೆ, ಅದನ್ನು ಯಾವ ಪೋಸ್ಟರಿಗೂ ಬರೆಯಲು ಆಗುವುದಿಲ್ಲ. “ಅಳಸ್ರಿ ಅಕ್ಕಾರ” ಅಂದ ಒಬ್ಬ. ಅಳಿಸಿದಳು. ಸೇವ್ ಮಾಡದೆ ಮುಚ್ಚಿಸಿದೆ, ಆಮೇಲೆ ಫೈಲ್ ಇದೆಯೇನೋ ಅಂತ ಎರಡು ಸಲ ಹುಡುಕಿದೆ. ಅವಳಿಗೆ ಈ ಐಡಿಯಾ ಎಲ್ಲಿಂದ ಬಂತು ಅಂತ ಕೇಳಿದರೆ, ಅವರಮ್ಮನಿಗೆ ಇಂಥದೇ ಮೆಸೇಜ್ ಬಂದಿತ್ತಂತೆ, ನಂಬರ್ ಕೊಟ್ಟ ಮೇಲೆ ದಿನಾ ಕರೆ ಬರುತ್ತಿತ್ತಂತೆ, ಹೆಂಗ ಮಾಡ್ತಾರ ನೋಡೂಣು ಅಂತ ಮಾಡಿದೆ ಅಂದಳು.

ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ತಾಯಂದಿರನ್ನೂ ಕರೆದು ಅದನ್ನೇ ಮತ್ತೆ ಮಾಡಿ ತೋರಿಸಿದೆವು, ಈ ಸಲ ಸುಳ್ಳು ನಂಬರ್ ಹಾಕಿ. ಭಾಷಣ ಇಟ್ಟುಕೊಳ್ಳಲಿಲ್ಲ. ದುಡ್ಡು ಬರಬೇಕಾದರೆ ಯುಪಿಐ ಪಿನ್ ಹಾಕುವ ಅಗತ್ಯವೇ ಇಲ್ಲ, ಪಿನ್ ಕೇಳಿದರೆ ನಿಮ್ಮ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ, ಇದೊಂದನ್ನು ನಾಲ್ಕು ಸಲ ಹೇಳಿದೆ. ದುಡ್ಡು ಹೋದರೆ ನಾಚಿಕೊಂಡು ಕೂರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೇಗ ಮಾಡಿದಷ್ಟೂ ಆ ದುಡ್ಡನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಅಂತ ಕೇಂದ್ರ ಸರ್ಕಾರದ ಪೋರ್ಟಲ್ ಇದೆ, ಅಲ್ಲಿಯೂ ದೂರು ಕೊಡಬಹುದು. ಮಕ್ಕಳಿಗೆ ಏನೇ ತೊಂದರೆ ಆದರೂ ಮಕ್ಕಳ ಸಹಾಯವಾಣಿ 1098. ಮೂರನ್ನೂ ಬಿಸಿಯೂಟದ ಮೆನು ಬರೆದ ಗೋಡೆಯ ಪಕ್ಕ ಪೇಂಟ್‌ನಲ್ಲಿ ಬರೆಸಿದ್ದೇವೆ, ಆ ಗೋಡೆಯನ್ನು ದಿನಾ ಎಲ್ಲರೂ ನೋಡುತ್ತಾರೆ.

ಇಷ್ಟು ಹೊಗಳಿದ ಮೇಲೆ ಸ್ಕ್ರ್ಯಾಚ್ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನೂ ಹೇಳಬೇಕು. ಯಂತ್ರದ ಒಳಗೆ ಮನುಷ್ಯ ಕೂತು ಬರೆದ ನಿಯಮ ಇರುತ್ತದೆ ಅಂತ ಅದು ಚೆನ್ನಾಗಿ ಕಲಿಸುತ್ತದೆ. ಆದರೆ ಆಚೆ ಕಡೆ ಒಬ್ಬ ಮನುಷ್ಯನೇ ಕೂತು ತಿಂಗಳುಗಟ್ಟಲೆ ಸಿಹಿಯಾಗಿ ಮಾತಾಡಿದರೆ? ಒಂದು ಮಗು ಫೋನಿನ ಆಟದ ಚಾಟ್‌ನಲ್ಲಿ ಗುರುತಿಲ್ಲದ ಒಬ್ಬ ಫೋಟೊ ಕೇಳುತ್ತಿದ್ದಾನೆ ಅಂತ ನನಗೆ ಹೇಳಿತು. ಹೇಳಿದ್ದು ಯಾವಾಗ ಅಂದರೆ, ಲ್ಯಾಬಿನಲ್ಲಿ ನನ್ನ ಪಕ್ಕ ಕೂತು, ಪರದೆ ನೋಡುತ್ತಾ, ಬ್ಲಾಕ್ ಎಳೆಯುತ್ತಾ. ನಮ್ಮ ಕಡೆ ಹೆಂಗಸರು ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಕೂತಾಗ ಎಂತೆಂಥ ಮಾತು ಹೊರಗೆ ಬರುತ್ತವೆ, ಹಾಗೆ. ಕೈ ಕೆಲಸದಲ್ಲಿರಬೇಕು, ಕಣ್ಣಿಗೆ ಕಣ್ಣು ಸೇರಬಾರದು. ಎದುರಿಗೆ ನಿಲ್ಲಿಸಿ ಕೇಳಿದ್ದರೆ ಆ ಮಗು ಬಾಯಿ ಬಿಡುತ್ತಿರಲಿಲ್ಲ. ನಾನು ಮಾಡಿದ್ದು ಇಷ್ಟೇ, ಬೈಯಲಿಲ್ಲ, ಫೋನ್ ಕಿತ್ತುಕೊಳ್ಳಿ ಅಂತ ಮನೆಯವರಿಗೆ ಹೇಳಲಿಲ್ಲ. ಮೆಸೇಜ್ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ಇಟ್ಟುಕೊಂಡು, ಅವನನ್ನು ಬ್ಲಾಕ್ ಮಾಡಿಸಿ, ತಾಯಿಯನ್ನು ಕರೆಸಿ ಮೂವರೂ ಕೂತು ಮಾತಾಡಿದೆವು. ಮುಂದಿನದ್ದನ್ನು ಮನೆಯವರು ನೋಡಿಕೊಂಡರು, ಅದು ಇಲ್ಲಿ ಬೇಡ. ಫೋನ್ ಕಿತ್ತುಕೊಂಡರೆ ಮಕ್ಕಳು ಕಲಿಯುವ ಪಾಠ ಒಂದೇ, ಮುಂದಿನ ಸಲ ಹೇಳಬಾರದು ಅಂತ.

ಸ್ಕ್ರ್ಯಾಚಿನ ವೆಬ್‌ಸೈಟಿನಲ್ಲಿ ಮಕ್ಕಳು ತಮ್ಮ ಕೆಲಸ ಹಂಚಿಕೊಳ್ಳಬಹುದು, ಬೇರೆಯವರದ್ದನ್ನು ತೆಗೆದುಕೊಂಡು ಬದಲಾಯಿಸಬಹುದು, ಅದಕ್ಕೆ ರೀಮಿಕ್ಸ್ ಅನ್ನುತ್ತಾರೆ. ಅಲ್ಲಿ ನಿಜವಾದ ಹೆಸರನ್ನು ಯೂಸರ್ ಹೆಸರಾಗಿ ಇಡಬೇಡಿ ಅನ್ನುತ್ತಾರೆ, ಒಬ್ಬರಿಗೊಬ್ಬರು ಗುಟ್ಟಾಗಿ ಮೆಸೇಜ್ ಕಳಿಸುವ ವ್ಯವಸ್ಥೆಯೇ ಇಲ್ಲ, ಕಾಮೆಂಟ್ ಎಲ್ಲರಿಗೂ ಕಾಣುತ್ತದೆ, ಸರಿ ಇಲ್ಲದ್ದನ್ನು ರಿಪೋರ್ಟ್ ಮಾಡಬಹುದು. ಇದು ಒಳ್ಳೆಯ ಯೋಚನೆ. ಶಿಕ್ಷಕರು ತಮ್ಮ ಅಕೌಂಟಿನಡಿ ಮಕ್ಕಳಿಗೆ ಅಕೌಂಟ್ ಮಾಡಿಕೊಡುವ ದಾರಿಯೂ ಇದೆ. ಆದರೂ ನಾನು ಮಾಡಲಿಲ್ಲ. ಐದನೇ ತರಗತಿಯವರಿಗೆ ಇಡೀ ಪ್ರಪಂಚಕ್ಕೆ ತೋರಿಸುವ ಅವಸರ ಏನಿದೆ, ಪಕ್ಕದ ಬೆಂಚಿಗೆ ತೋರಿಸಿದರೆ ಸಾಲದೇ. ನನ್ನ ಒಂದೇ ಅಕೌಂಟಿನಿಂದ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಬೇರೆ ದೇಶದ ಮಕ್ಕಳ ಪ್ರಾಜೆಕ್ಟ್ ತೋರಿಸುತ್ತೇನೆ, ಅದರ ಒಳಗಿನ ಬ್ಲಾಕುಗಳನ್ನು ನೋಡುತ್ತೇವೆ. ನಿಮ್ಮ ಶಾಲೆಯ ಮಕ್ಕಳು ದೊಡ್ಡವರಿದ್ದು ನೆಟ್ ಚೆನ್ನಾಗಿದ್ದರೆ ನಿಮ್ಮ ತೀರ್ಮಾನ ಬೇರೆ ಆಗಬಹುದು.

ಇದರ ಜೊತೆಗೇ ನಮ್ಮದೇ ಒಂದು ಅಭ್ಯಾಸ ಕಣ್ಣಿಗೆ ಚುಚ್ಚತೊಡಗಿತು. ಪ್ರತಿಭಾ ಕಾರಂಜಿ, ಸ್ವಾತಂತ್ರ್ಯ ದಿನ, ಶೂ ವಿತರಣೆ, ಹಾಲು ಕುಡಿಯುವುದು, ಎಲ್ಲಕ್ಕೂ ಮಕ್ಕಳ ಫೋಟೊ ತೆಗೆದು ಹತ್ತು ವಾಟ್ಸಾಪ್ ಗ್ರೂಪಿಗೆ, ಅಲ್ಲಿಂದ ಇನ್ನೆಲ್ಲಿಗೋ. ಯೂನಿಫಾರ್ಮ್ ಕಾಣುತ್ತದೆ, ಹಿಂದೆ ಶಾಲೆಯ ಬೋರ್ಡು ಕಾಣುತ್ತದೆ. ಈಗ ನಾನು ದಾಖಲೆಗೆ ಬೇಕಾದದ್ದಷ್ಟೇ ತೆಗೆಯುತ್ತೇನೆ, ಸಾಧ್ಯವಾದರೆ ಹಿಂದಿನಿಂದ. ಸಹೋದ್ಯೋಗಿಗಳು ನಗುತ್ತಾರೆ. ನಗಲಿ.

ಸಣ್ಣ ತರಗತಿಯವರಿಗೆ, ಅಂದರೆ ಒಂದರಿಂದ ಮೂರು, ಸ್ಕ್ರ್ಯಾಚ್ ಬೇಡ, ಓದಲು ಬರಬೇಕು ಅದಕ್ಕೆ. 5ರಿಂದ 7 ವರ್ಷದವರಿಗೆ ಸ್ಕ್ರ್ಯಾಚ್‌ಜೂನಿಯರ್ ಅಂತ ಬೇರೆಯೇ ಇದೆ, ಬ್ಲಾಕುಗಳ ಮೇಲೆ ಬರೀ ಚಿತ್ರ. ಟ್ಯಾಬ್ ಇದ್ದರೆ ನೋಡಿ, ನಮ್ಮ ಹತ್ತಿರ ಇಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಕೋಡಿಂಗ್ ಚಟುವಟಿಕೆ ಶುರುವಾಗುವುದೇ ಆರನೇ ತರಗತಿಯಿಂದ. ಹಾಗಾಗಿ ನಾಲ್ಕು ವರ್ಷದ ಮಗುವಿಗೆ ಕೋಡಿಂಗ್ ಕಲಿಸದಿದ್ದರೆ ಹಿಂದೆ ಬೀಳುತ್ತದೆ ಅಂತ ಯಾರಾದರೂ ಫೋನ್ ಮಾಡಿ ಹೆದರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ. ಆ ಮಗು ಮಣ್ಣಲ್ಲಿ ಆಡಲಿ.

ಒಂದು ಕಂಪ್ಯೂಟರಿಗೆ ಎಷ್ಟು ಮಕ್ಕಳು ಅನ್ನುವುದು ಮುಖ್ಯ. ಮೂವರು ಸರಿ. ಒಬ್ಬರು ಮೌಸ್, ಒಬ್ಬರು ಹೇಳುವವರು, ಇನ್ನೊಬ್ಬರು ತಪ್ಪು ಹುಡುಕುವವರು, ಹತ್ತು ನಿಮಿಷಕ್ಕೆ ಜಾಗ ಬದಲು. ಐದು ಜನ ಕೂತರೆ ಇಬ್ಬರು ಕಿಟಕಿ ನೋಡುತ್ತಾರೆ. ನಮ್ಮಲ್ಲಿ ಅರ್ಧ ಕ್ಲಾಸು ಒಳಗೆ, ಅರ್ಧ ಕ್ಲಾಸು ವರಾಂಡದಲ್ಲಿ ಮದುವೆ ಕಾರ್ಡಿನ ಆಟ. ಇನ್ನೊಂದು ಮಾತು, ಗಂಡು ಹುಡುಗರು ಮೌಸ್ ಬಿಟ್ಟುಕೊಡುವುದಿಲ್ಲ. ಗಡಿಯಾರ ನೋಡಿ ನೀವೇ ಕೊಡಿಸಬೇಕು, ಇಲ್ಲದಿದ್ದರೆ ಆ 5000 ರೂಪಾಯಿಯ ಹುಡುಗಿಯಂಥವರು ವರ್ಷವಿಡೀ ಪಕ್ಕದಲ್ಲಿ ಕೂತೇ ಇರುತ್ತಾರೆ.

ಸ್ಟಾರ್ ಕೊಡಬೇಕಂತಲ್ಲ, ಸ್ಕ್ರ್ಯಾಚಿಗೆ ಐದಕ್ಕೆ ನಾಲ್ಕೂವರೆ. ಅರ್ಧ ಕಡಿಮೆ ಮಾಡಿದ್ದು ಹೊಸದರಲ್ಲಿ ಮಾಡಿದ್ದು ಹಳೆಯದರಲ್ಲಿ ತೆರೆಯದೆ ಬೈಸಿಕೊಂಡ ಆ ಎರಡು ವಾರಕ್ಕೆ. ಮದುವೆ ಕಾರ್ಡಿಗೆ ಐದಕ್ಕೆ ಐದು. ಸುರಕ್ಷತೆ ಕೋರ್ಸಿಗೆ ಪೋಸ್ಟರಿನ ಹಿಂಬದಿಗಾಗಿ ಒಂದು.

ಜೂನ್‌ನಲ್ಲಿ ಹೊಸ ಬ್ಯಾಚ್ ಬರುತ್ತದೆ. ನಾಲ್ಕು ಮೌಸಿನಲ್ಲಿ ಎರಡರ ಎಡ ಬಟನ್ ಆಗಲೇ ಸತ್ತಿದೆ, ಎಳೆದು ಬಿಡುವ ಕೆಲಸ ಜಾಸ್ತಿ ಇರುವುದರಿಂದ ಅದೇ ಮೊದಲು ಹೋಗುವುದು. ಮುನ್ನೂರು ರೂಪಾಯಿಯೊಳಗೆ, ವೈರ್ ಇರುವ, ಮಕ್ಕಳ ಕೈಯಲ್ಲಿ ಒಂದು ವರ್ಷ ತಡೆಯುವ ಮೌಸ್ ಯಾವುದು ಅಂತ ಯಾರಿಗಾದರೂ ಗೊತ್ತಿದ್ದರೆ ಹೇಳಿ.